ಮೂರು ನೀರಲ್ಲಿ ತೊಳೆದ ದ್ರಾಕ್ಷಿ

ಬೃಂದಾಳ ತವರಿನಲ್ಲಿ ತೊಳೆಯದ ಪದಾರ್ಥ ಎಂದರೆ ನೀರೊಂದೇ. ಅದನ್ನೂ ಅವಳ ಅವ್ವ ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದಳು. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ನಾಲೆ ಮನೆಯ ಹಿಂದೆಯೇ ಹರಿಯುವಾಗ ತೊಳೆಯುವುದಕ್ಕೆ ಏನು ಬರ? ಟೊಮೆಟೊ, ಹುರುಳಿಕಾಯಿ, ಕೊತ್ತಂಬರಿ ಸೊಪ್ಪು, ಕಡೆಗೆ ಬಾಳೆಹಣ್ಣನ್ನೂ ಸಿಪ್ಪೆ ಸಮೇತ ತೊಳೆದೇ ಒಳಗೆ ತರಬೇಕು. ಇದು ಬರೀ ಮಡಿಯ ಹುಚ್ಚಲ್ಲ. ಅವಳಪ್ಪ ನಂಜುಂಡೇಶ್ ತರಕಾರಿ ಬೆಳೆಯುವವರು, ಬೆನ್ನಿಗೆ ಕ್ಯಾನು ಕಟ್ಟಿಕೊಂಡು ತಪ್ಪದೆ ಔಷಧಿ ಹೊಡೆಯುವವರು. ಹೊಲದಿಂದ ಬಂದವರೇ, "ಉಪ್ಪು ಅರಿಸಿನ ಹಾಕಿ ಮೂರು ನೀರಲ್ಲಿ ತೊಳೀರವ್ವ. ಏನು ಹೊಡ್ದಿದ್ದೀನಿ ಅಂತ ಹೊಡ್ದೋನ್ಗೇ ಗೊತ್ತು" ಎನ್ನುತ್ತಿದ್ದರು.

ಹೀಗೆ ಬೆಳೆದ ಹುಡುಗಿ ಕಳೆದ ವೈಶಾಖದಲ್ಲಿ ಮದುವೆಯಾಗಿ ಬಂದದ್ದು ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ, ವೈನು ಮಾಡುವ ಮನೆಗೆ. "ಹೆಂಡದ ಮನೆಗೆ ಹೆಣ್ಣು ಕೊಟ್ರು" ಎಂದು ಅಗ್ರಹಾರದ ನೆಂಟರು ಮೂಗು ಮುರಿದರು. ಬೀಗರೂಟಕ್ಕೆ ಬಂದಾಗ ಅದೇ ನೆಂಟರು ಒಬ್ಬೊಬ್ಬರೂ ಒಂದೊಂದು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಕುರಿ ಕಾಯುವವರ ಮನೆಗೆ ವೈನಿನ ವಿದ್ಯೆ ಬಂದದ್ದು ಬೃಂದಾಳ ಗಂಡ ಯತೀಶನ ಮುತ್ತಾತ ದೊಡ್ಡಬೀರಯ್ಯನಿಂದ. ದೊಡ್ಡಬೀರಯ್ಯ ಫ್ರಾನ್ಸ್ ದೇಶದಿಂದ ಬಂದಿದ್ದ ಒಬ್ಬ ಪಾದ್ರಿಯ ಮನೆಯಲ್ಲಿ ಅಡಿಗೆಗಿದ್ದ. ಪಾದ್ರಿ ತಮ್ಮ ಊರಿನ ದ್ರಾಕ್ಷಿ ಬಳ್ಳಿ ತಂದು ಹಿತ್ತಲಲ್ಲಿ ಹಬ್ಬಿಸಿ, ಪೂಜೆಗೆ ಬೇಕಾದ ವೈನನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಹಣ್ಣನ್ನು ಯಂತ್ರಕ್ಕೆ ಕೊಡಬಾರದು, ಕಾಲಲ್ಲೇ ತುಳಿಯಬೇಕು, ಬೀಜ ಒಡೆದರೆ ಕಹಿ. ರಸವನ್ನು ಮಣ್ಣಿನ ಗುಡಾಣಕ್ಕೆ ತುಂಬಿ ಕತ್ತಿನವರೆಗೆ ನೆಲದಲ್ಲಿ ಹೂಳಬೇಕು, ಬಿಸಿಲು ತಾಗಬಾರದು. ಇದೆಲ್ಲ ಪಾದ್ರಿ ಕಲಿಸಿದ್ದು. ಆದರೆ ತಿನ್ನುವ ಪದಾರ್ಥಕ್ಕೆ ಕಾಲು ತಾಗಿಸುವುದು ಹೇಗೆ? ದೊಡ್ಡಬೀರಯ್ಯ ಅದಕ್ಕೊಂದು ದಾರಿ ಕಂಡುಕೊಂಡ. ಮೊದಲ ಗೊಂಚಲನ್ನು ಕಣ್ಣಿಗೊತ್ತಿಕೊಂಡು "ತಪ್ಪಾಯ್ತು ತಾಯಿ" ಎಂದು ಕೇಳಿಕೊಂಡ ಮೇಲೆ ತುಳಿಯುವ ಕಲ್ಲುಬಾನಿಗೆ ಇಳಿಯುವುದು. ಪಾದ್ರಿಗೆ ಮೊದಲು ನಗು ಬಂದಿತ್ತಂತೆ. ಮಾರನೆಯ ವರ್ಷದಿಂದ ತಾವೂ ಹಾಗೇ ಮಾಡಿದರಂತೆ.

ಪಾದ್ರಿ ಊರಿಗೆ ಹಿಂದಿರುಗುವಾಗ ಬಳ್ಳಿಯ ಕಡ್ಡಿಗಳನ್ನು ದೊಡ್ಡಬೀರಯ್ಯನ ಕೈಗಿಟ್ಟು ಹೋದರು. ಬಾವಿಯ ಬದಿಯ ಆ ಬಳ್ಳಿಸಾಲುಗಳು ಇಂದಿಗೂ 'ಪಾದ್ರಿ ದ್ರಾಕ್ಷಿ'ಯೇ. ಮನೆಮಟ್ಟಿಗೆ ಇದ್ದ ಕಸುಬನ್ನು ಪರವಾನಗಿ ಪಡೆದು ಬೆಳೆಸಿದವರು ಯತೀಶನ ಅಪ್ಪ ದೇವರಾಜು. ಹೊಗೆಸೊಪ್ಪಿನ ಬೇಸಾಯಕ್ಕೆ ಕೈಮುಗಿದು, ಸೊಪ್ಪು ಬೇಯಿಸುತ್ತಿದ್ದ ಕಟ್ಟಡವಾದ ಬ್ಯಾರನ್ನಿಗೆ ಸುಣ್ಣ ಬಳಿದು, ಅದರ ನೆಲದಲ್ಲೇ ಸಾಲಾಗಿ ಗುಡಾಣಗಳನ್ನು ಹೂಳಿಸಿದರು. ತೋಟಕ್ಕೆ ಅಂಗಡಿಯ ಔಷಧಿಯ ಒಂದು ತೊಟ್ಟು ಬಿಡಲಿಲ್ಲ. ಬಳ್ಳಿ ಸವರಿದ ಮೇಲೆ ಗೊಬ್ಬರಕ್ಕೆಂದು ಸಾಲುಗಳ ನಡುವೆ ಕುರಿಮಂದೆ ತರುಬಿಸುತ್ತಿದ್ದರು, ಹುರುಳಿ ಚೆಲ್ಲಿ ಹೂವಿಗೆ ಬಂದಾಗ ಮಣ್ಣಿಗೆ ಮಗುಚುತ್ತಿದ್ದರು, ಎಲೆಗೆ ರೋಗ ಬಂದರೆ ಹುಳಿಮಜ್ಜಿಗೆ ಚಿಮುಕಿಸುತ್ತಿದ್ದರು. ಆ ಮನೆಯಲ್ಲಿ ಮನುಷ್ಯರಿಗಿಂತ ಬಳ್ಳಿಗಳೇ ಹೆಚ್ಚು ಮಜ್ಜಿಗೆ ಕುಡಿದಿವೆ.

ಇಷ್ಟೆಲ್ಲ ಇದ್ದರೂ ಬ್ಯಾರನ್ನಿನ ಒಳಗೆ ನಡೆಯುತ್ತಿದ್ದುದು ಅತ್ತೆ ಭಾಗ್ಯಮ್ಮನವರ ಮಾತು. ವಿಚಿತ್ರವೆಂದರೆ ಭಾಗ್ಯಮ್ಮ ಜನ್ಮದಲ್ಲಿ ಒಂದು ಹನಿ ವೈನು ಬಾಯಿಗೆ ಹಾಕಿದವರಲ್ಲ. ಅವರದೇನಿದ್ದರೂ ಮೂಗು. ಗುಡಾಣದ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆದು "ನಾಳೆ ಇಂಡೋಣ" ಎಂದರೆ ನಾಳೆಯೇ ಸಿಪ್ಪೆ ಹಿಂಡಿ ರಸ ಬೇರೆ ಮಾಡಬೇಕು. ಒಂದು ದಿನ ಮುಂಚೆಯಾದರೆ ವೈನು ಸಪ್ಪೆ, ತಡವಾದರೆ ಒಗರು. ಆ ಮಾತಿಗೆ ದೇವರಾಜುವಾಗಲಿ ಯತೀಶನಾಗಲಿ ಎದುರಾಡಿದ್ದನ್ನು ಊರು ಕಂಡಿಲ್ಲ.

ಬೃಂದಾಳಿಗೆ ಬೇಕಾಗಿದ್ದದ್ದು ಒಂದೇ ಒಂದು ಗುಡಾಣ. ಬಾಟಲಿಗೆ ಚೀಟಿ ಅಂಟಿಸಿ, ಫೋನಿನಲ್ಲಿ ಬಂದ ಆರ್ಡರು ಬರೆದುಕೊಂಡು, ತೋಟ ನೋಡಲು ಬಂದವರಿಗೆ ಕಾಫಿ ಕೊಟ್ಟು ಅವಳಿಗೆ ಸಾಕಾಗಿತ್ತು. ನೆಂಟರ ಹಾಗೆ ಇರುವುದಕ್ಕೆ ನೆಂಟರ ಮನೆ ಸಾಲದೇ? ತುಂಬುವುದರಿಂದ ಹಿಂಡುವವರೆಗೆ ತನ್ನದೇ ಜವಾಬ್ದಾರಿಯ ಒಂದು ಗುಡಾಣ ಇದ್ದರೆ ಈ ಮನೆ ತನ್ನದಾಗುತ್ತದೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ಬಾಯಿಬಿಟ್ಟು ಕೇಳಿಯೂ ಆಗಿತ್ತು. "ಊರಿಗೆ ಬಂದೋಳು ನೀರಿಗೆ ಬರ್ದೆ ಇದ್ದಾಳಾ? ಇರವ್ವ, ಮೊದ್ಲು ಒಂದು ಸುಗ್ಗಿ ನೋಡು" ಎಂದು ಭಾಗ್ಯಮ್ಮ ನಕ್ಕು ಜಾರಿಸಿದ್ದರು.

ಆದರೆ ಸುಗ್ಗಿ ಯಾರ ಮಾತೂ ಕೇಳುವುದಿಲ್ಲ. ಮಾಘದ ಒಂದು ಬೆಳಿಗ್ಗೆ ಪಾದ್ರಿ ದ್ರಾಕ್ಷಿ ಕಿತ್ತು ಬುಟ್ಟಿಗಳು ಬ್ಯಾರನ್ನಿಗೆ ಬಂದ ಹೊತ್ತಿಗೆ ಸರಿಯಾಗಿ ಸರಗೂರಿನಿಂದ ಫೋನು ಬಂತು. ಅಲ್ಲಿಗೆ ಕೊಟ್ಟಿದ್ದ ಮಗಳು ರಾಣಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ಭಾಗ್ಯಮ್ಮ ಸೀರೆಯನ್ನೂ ಬದಲಾಯಿಸದೆ ಯತೀಶನ ಪಿಕಪ್ ಹತ್ತಿದರು. ಹತ್ತಿದವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಸೊಸೆಯನ್ನು ಕರೆದರು.

"ಕಿತ್ತ ಅಣ್ಣು ನಾಳೆಗೆ ನಿಲ್ಲಲ್ಲ ಕಣವ್ವ. ದೊಡ್ಡ ಗುಡಾಣ ನೀನೇ ತುಂಬು. ಕೊಳ್ತಿದ್ದು ಆರ್ಸಿ, ತೊಟ್ಟು ಬುಡ್ಸಿ, ತುಳ್ದು ಆಕು. ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟು. ಅಷ್ಟೇಯ."

"ನಾನಾ ಅತ್ತೆ?"

"ಇನ್ಯಾರು, ನಿಮ್ಮಾವನಾ? ಅವರು ಕಾಲಿಟ್ರೆ ಬಾನಿ ಒಡ್ದೋಯ್ತದೆ."

ಗಾಡಿ ಹೊರಟಿತು. ತೊಳೆಯಬೇಡ ಎಂದು ಭಾಗ್ಯಮ್ಮ ಹೇಳಲಿಲ್ಲ. ಅವರದೂ ತಪ್ಪಲ್ಲ. ಹಾಲಿಗೆ ನೀರು ಬೆರೆಸಬೇಡ ಎಂದು ಹಾಲು ಮಾರುವವರಿಗಲ್ಲದೆ ಬೇರೆ ಯಾರಿಗೆ ಹೇಳಿಕೊಡುತ್ತಾರೆ?

ಬೃಂದಾ ಸೆರಗು ಸಿಕ್ಕಿಸಿಕೊಂಡು ಬುಟ್ಟಿಗಳ ಮುಂದೆ ನಿಂತಳು. ಕಪ್ಪು ದ್ರಾಕ್ಷಿ. ಒಂದೊಂದು ಹಣ್ಣಿನ ಮೇಲೂ ಬೂದಿ ಸವರಿದ ಹಾಗೆ ಬೆಳ್ಳನೆಯ ಪುಡಿ. ಬೆರಳಲ್ಲಿ ಒರೆಸಿದರೆ ಬರುತ್ತದೆ. ಅವಳಿಗೆ ಥಟ್ಟನೆ ನೆನಪಾದದ್ದು ಅಪ್ಪನ ಬೆನ್ನಿನ ಕ್ಯಾನು. ಈ ಮನೆಯಲ್ಲಿ ಔಷಧಿ ಹೊಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೆ ಕೈಗೆ ಗೊತ್ತಿರಲಿಲ್ಲ. ಮೊದಲ ಸಲ ತನ್ನ ಪಾಲಿಗೆ ಬಂದ ಗುಡಾಣ, ಲೋಟವನ್ನು ಬಾಯಿಗಿಡುವವರು ಯಾರೋ ಏನೋ, ಚೊಕ್ಕವಾಗಿಯೇ ಇರಲಿ ಎಂದುಕೊಂಡಳು. ಮೊದಲ ನೀರಿಗೆ ಉಪ್ಪು, ಎರಡನೆಯದಕ್ಕೆ ಅರಿಸಿನ, ಮೂರನೆಯದು ಬರೀ ಬಾವಿ ನೀರು. ಒಂದೊಂದು ಗೊಂಚಲನ್ನೂ ಮಗುವಿಗೆ ತಲೆಗೆರೆದಂತೆ ಉಜ್ಜಿ ಉಜ್ಜಿ ತೊಳೆದು, ಜಾಲರಿಯ ಮೇಲೆ ನೀರು ಇಳಿಸಿದಳು. ದ್ರಾಕ್ಷಿ ಥಳಥಳ ಹೊಳೆಯಿತು. ಅವಳಿಗೆ ಹೆಮ್ಮೆಯಿಂದ ಎದೆ ಉಬ್ಬಿತು.

ತುಳಿಯಲು ಕೈಜೋಡಿಸಲು ಬಂದ ಪಕ್ಕದ ಮನೆಯ ಪುಟ್ಟಮಲ್ಲಮ್ಮ, "ಇದ್ಯಾಕವ್ವ ಅಣ್ಣೆಲ್ಲ ವದ್ದೆ?" ಎಂದಳು.

"ಚೆನ್ನಾಗಿ ತೊಳ್ದಿದ್ದೀನಿ ಕಣಕ್ಕ."

ಪುಟ್ಟಮಲ್ಲಮ್ಮ ಸೀರೆ ಎತ್ತಿ ಕಟ್ಟಿಕೊಂಡಳು. ಓದಿದ ಸೊಸೆ ಏನೋ ಹೊಸ ಪದ್ಧತಿ ತಂದಿರಬೇಕು, ದೊಡ್ಡವರ ಮನೆ ವಿಷಯ ನನಗ್ಯಾಕೆ ಎಂದುಕೊಂಡಳಂತೆ. ಊರಿನ ಎಲ್ಲರ ಮನೆ ವಿಷಯಕ್ಕೂ ಬಾಯಿ ಹಾಕುವ ಹೆಂಗಸು ಅವತ್ತೊಂದು ದಿನ ಮರ್ಯಾದೆ ಕಲಿತಳು ನೋಡಿ. ಇಬ್ಬರೂ ಗೊಂಚಲು ಕಣ್ಣಿಗೊತ್ತಿಕೊಂಡು ಕಲ್ಲುಬಾನಿಗಿಳಿದು ತುಳಿದರು. ಸಂಜೆಯೊಳಗೆ ದೊಡ್ಡ ಗುಡಾಣ ತುಂಬಿತು.

ಮಾರನೆಯ ದಿನ ಯತೀಶ ಸರಗೂರಿನಿಂದ ಸಿಹಿ ಹಿಡಿದು ಬಂದ. ರಾಣಿಗೆ ಹೆಣ್ಣು ಮಗು, ತೂಕ ಸ್ವಲ್ಪ ಕಮ್ಮಿ, ಅವ್ವ ವಾರವಾದರೂ ಅಲ್ಲೇ ಇರುತ್ತಾಳೆ. ಬೃಂದಾ ಸಂತೋಷಪಟ್ಟಳು. ಒಳಗೊಳಗೆ ಇನ್ನೊಂದು ಸಂತೋಷವೂ ಇತ್ತು: ಅತ್ತೆ ಬರುವ ಹೊತ್ತಿಗೆ ತನ್ನ ಗುಡಾಣ ತಯಾರಾಗಿರುತ್ತದೆ.

ಆದರೆ ಗುಡಾಣ ಏಳಲಿಲ್ಲ. ಆ ಮನೆಯ ಮಾತಿನಲ್ಲಿ ಏಳುವುದು ಎಂದರೆ ರಸ ಹುದುಗಿ, ನೊರೆಯೆದ್ದು, ಸಿಪ್ಪೆಯೆಲ್ಲ ಮೇಲಕ್ಕೆ ಉಬ್ಬುವುದು. ಎರಡು ದಿನಕ್ಕೆ ಏಳಬೇಕಾದ್ದು ಮೂರಾದರೂ ಮಲಗಿಯೇ ಇತ್ತು. ನಾಲ್ಕನೆಯ ದಿನ ಯತೀಶ ಗುಡಾಣದ ಬಾಯಿಗೆ ಕಿವಿಯಿಟ್ಟ.

"ಸದ್ದೇ ಇಲ್ವಲ್ಲ. ಏನಾದ್ರೂ ಹಾಕಿದ್ಯಾ?"

"ಏನೂ ಹಾಕಿಲ್ಲ ಕಣ್ರೀ. ಉಪ್ಪು ಅರಿಸಿನ ಹಾಕಿ ಮೂರು ನೀರಲ್ಲಿ ತೊಳ್ದು, ಆಮೇಲೆ..."

ಯತೀಶ ನೆಲದ ಮೇಲೆ ಕೂತುಬಿಟ್ಟ. ಮೊದಲು ಅವನಿಗೆ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಂತಿತು.

"ಅಲ್ವೇ, ನಾವು ಹಣ್ಣಿಗೆ ಬೇರೆ ಏನೂ ಹಾಕಲ್ಲ. ಮೇಲಿರೋ ಬಿಳೀ ಪುಡಿಯಲ್ಲೇ ಎಲ್ಲಾ ಇರೋದು. ರಸನ ಎಬ್ಬಿಸೋದೇ ಅದು. ಅದು ಉಳೀಲಿ ಅಂತಾನೇ ಅಪ್ಪ ಔಷಧಿ ಮುಟ್ದೆ ಮಜ್ಜಿಗೆ ಹೊಡೀತಿರೋದು. ನೀನು ಅದನ್ನೇ ತೊಳ್ದು ಬಾವಿಕಟ್ಟೆಗೆ ಸುರ್ದಿದ್ದೀಯ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಬೃಂದಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಒಂದು ಗುಡಾಣ ಕೊಡಿ ಎಂದು ತಿಂಗಳುಗಟ್ಟಲೆ ಕಾಡಿ, ಕೊಟ್ಟದ್ದನ್ನು ಅರಿಸಿನ ಹಚ್ಚಿ ಮಲಗಿಸಿದ್ದಳು.

ವಿಷಯ ತಿಳಿದು ದೇವರಾಜು ಬಂದರು. ಅವರು ಬೈಯಲಿಲ್ಲ. ಸೊಸೆಯನ್ನು ಬೈದು ಅಭ್ಯಾಸವಿಲ್ಲದ ಮನುಷ್ಯ, ತಲೆ ಕೆರೆದುಕೊಂಡರು.

"ಇನ್ನೆರಡು ದಿನ ಇಂಗೇ ಬುಟ್ರೆ ಬೂಷ್ಟು ಬತ್ತದೆ," ಎಂದರು.

"ಮೈಸೂರಲ್ಲಿ ಹುದುಗಿಸೋ ಪುಡಿ ಸಿಗ್ತದಪ್ಪ. ತಂದು ಹಾಕಿದ್ರೆ ಆಯ್ತು," ಎಂದ ಯತೀಶ.

"ಸಿಗ್ತದೆ. ಬ್ರೆಡ್ಡು ಮಾಡೋರೂ ಅಂತಾದ್ದೇ ಆಕೋದು. ಆಮೇಲೆ ಅದು ನಮ್ ಗುಡಾಣ ಅಲ್ಲ ಕಣ್ಲಾ."

ಬೃಂದಾ ಕಣ್ಣೊರೆಸಿಕೊಂಡಳು. ಅವಳು ಅಡಿಗೆಮನೆಯ ಹುಡುಗಿ. ಹಾಲು ಮೊಸರಾಗದಿದ್ದರೆ ಹೆಪ್ಪು ಬಿದ್ದಿಲ್ಲ ಎಂದರ್ಥ. ಹೆಪ್ಪು ಇಲ್ಲದಿದ್ದರೆ ಪಕ್ಕದ ಮನೆಯಿಂದ ತರಬೇಕು. "ಮಾವ, ತೊಳೀದೇ ಇರೋ ಪಾದ್ರಿ ದ್ರಾಕ್ಷಿ ಒಂಚೂರು ಸಿಕ್ಕಿದ್ರೆ ಅದನ್ನ ಬೇರೆ ಎಬ್ಬಿಸಿ ಇದಕ್ಕೆ ಹೆಪ್ಪು ಹಾಕ್ಬೋದಲ್ವಾ?"

ದೇವರಾಜು ಮಗನ ಮುಖ ನೋಡಿದರು. "ಆಕ್ಬೋದೇನೋ. ಆದ್ರೆ ಎಲ್ಲದೆ ಅಣ್ಣು? ಕೆಳಗಿನ ತೋಟದ್ದು ಮಾಗೋಕೆ ಇನ್ನೂ ಹದಿನೈದು ದಿನ. ಪಾದ್ರಿದು ಪೂರ್ತಿ ಕಿತ್ತಾಯ್ತು. ಉಳ್ದಿರೋದು ಅಕ್ಕಿ ಸಾಲು ಒಂದೇಯ."

ಹಕ್ಕಿ ಸಾಲು ಎಂದರೆ ಬದುವಿನ ಮೇಲಿನ, ಪಾದ್ರಿ ದ್ರಾಕ್ಷಿಯದೇ ಕಡೆಯ ಸಾಲು. ಅದರ ಹಣ್ಣನ್ನು ದೊಡ್ಡಬೀರಯ್ಯನ ಕಾಲದಿಂದ ಯಾರೂ ಕಿತ್ತಿಲ್ಲ. ಹುಳ ತಿಂದು ತೋಟ ಕಾಯುವ ಹಕ್ಕಿಗಳಿಗೆ ಅದು ಕೂಲಿ.

"ಕೊಟ್ಟಿದ್ದನ್ನ ವಾಪಸ್ ಇಸ್ಕೊಳೋದು ಎಂಗಮ್ಮ?" ಎಂದು ದೇವರಾಜು ನಿಜವಾಗಿಯೂ ಕಷ್ಟಪಟ್ಟರು.

"ಇಸ್ಕೊಳಲ್ಲ ಮಾವ. ಬದ್ಲು ಕೊಡ್ತೀನಿ."

ಬೃಂದಾ ಹಿತ್ತಲಿನ ಬಾಳೆಗೊನೆಯಲ್ಲಿ ಹಣ್ಣಾಗಿದ್ದ ಚಿಪ್ಪುಗಳನ್ನೂ ಎರಡು ಪರಂಗಿ ಹಣ್ಣುಗಳನ್ನೂ ಹೊತ್ತು ಬದುವಿಗೆ ಹೋದಳು. ತಂತಿಗೆಲ್ಲ ಅವನ್ನು ತೂಗುಹಾಕಿ, ಪಿಕಳಾರಗಳು ಅರ್ಧ ಕುಕ್ಕಿ ಬಿಟ್ಟಿದ್ದ ಗೊಂಚಲುಗಳನ್ನು ಆಯ್ದು ಕಿತ್ತಳು. ಹಕ್ಕಿಗಳು ಪರಂಗಿಯನ್ನು ನೋಡಿದವು, ಅವಳನ್ನು ನೋಡಿದವು, ಆಮೇಲೆ ಹೊಂಗೆಮರದಲ್ಲಿ ಕೂತು ಬಾಯಿಗೆ ಬಂದಂತೆ ಬೈದವು. "ಆಯ್ತು ಬುಡ್ರವ್ವ, ಮುಂದಿನ ವರ್ಷ ಎರಡು ಸಾಲು ಬುಡ್ತೀನಿ" ಎಂದು ಅವಳು ಅವುಗಳಿಗೆ ಉತ್ತರ ಕೊಟ್ಟಳು. ಮಾವ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

ಅರ್ಧ ಬುಟ್ಟಿಯೂ ಆಗಲಿಲ್ಲ. ಕಾಲಿಡುವಷ್ಟು ಹಣ್ಣಿಲ್ಲದ್ದರಿಂದ ಮಡಕೆಯೊಳಗೆ ಕೈಯಲ್ಲೇ ಹಿಸುಕಿದಳು. ತೊಳೆಯಲಿಲ್ಲ. ಕೈ ತಾನಾಗಿಯೇ ಬಿಂದಿಗೆಯ ಕಡೆ ಹೋದದ್ದನ್ನು ಅವಳೇ ಹಿಡಿದು ನಿಲ್ಲಿಸಬೇಕಾಯಿತು. ಮಡಕೆಗೆ ಕಂಬಳಿ ಸುತ್ತಿ ಬಚ್ಚಲುಮನೆಯ ನೀರೊಲೆಯ ಬಳಿ ಇಟ್ಟಳು. ಮಾರನೆಯ ದಿನ ಸಣ್ಣಗೆ ನೊರೆ ಕಂಡಿತು. ಅದರ ಮಾರನೆಯ ದಿನ ಸೀಕರಣೆಯಂಥ ವಾಸನೆ ಬಂತು, ಕಂಬಳಿ ಒದ್ದೆಯಾಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬ್ಯಾರನ್ನಿಗೆ ನಡೆದು, ದೊಡ್ಡ ಗುಡಾಣಕ್ಕೆ ಸುರಿದು, ಬಟ್ಟೆ ಕಟ್ಟಿ, ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಯತೀಶ ಊಟಕ್ಕೆ ಕರೆದ, ಹೋಗಲಿಲ್ಲ. ಅವನೇ ಮುದ್ದೆ ಸಾರು ತಂದು ಅಲ್ಲೇ ಕೊಟ್ಟ.

ಮರುದಿನ ಮಧ್ಯಾಹ್ನ ಬಟ್ಟೆ ನಡುವೆ ಮೆಲ್ಲಗೆ ಉಬ್ಬಿತು. ಒಳಗೆ ಮಳೆ ಹನಿದಂತೆ ಪಟಪಟ ಸದ್ದು. "ಮಾವಾ!" ಎಂದು ಅವಳು ಕೂಗಿದ ಕೂಗಿಗೆ ದೇವರಾಜು ಕತ್ತರಿ ಹಿಡಿದುಕೊಂಡೇ ಓಡಿಬಂದರು, ಹಾವು ಬಂತೇನೋ ಎಂದು. ಬಗ್ಗಿ ಕಿವಿಗೊಟ್ಟು, "ಎದ್ದದೆ ಕಣಮ್ಮ, ಎದ್ದದೆ" ಎಂದರು. ಬೃಂದಾ ಅತ್ತಳು, ಅಳುತ್ತಲೇ ನಕ್ಕಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಅವತ್ತು ಸೀರೆ ಭಾರವಾಗಿತ್ತು.

"ನಿಮ್ಮತ್ತೆಗೆ ಈ ವಿಸ್ಯ ಏಳೋದೇನೂ ಬ್ಯಾಡ," ಎಂದರು ದೇವರಾಜು ಮೆಲ್ಲಗೆ. "ಏಳಿದ್ರೆ ಇನ್ನತ್ತು ವರ್ಸ ನಿನ್ನ ಬ್ಯಾರನ್ ಅತ್ರ ಸೇರ್ಸಲ್ಲ." ಯತೀಶನೂ ತಲೆಯಾಡಿಸಿದ. ಬೃಂದಾ ಗುಡಾಣದ ಬಟ್ಟೆಯನ್ನು ಬಿಗಿದು ಕಟ್ಟಿದಳು.

ಭಾಗ್ಯಮ್ಮ ಬಂದದ್ದು ಎರಡು ದಿನ ಬಿಟ್ಟು, ಸಂಜೆ ಕೂಲಿಯ ಹೆಂಗಸರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದ ಹೊತ್ತಿಗೆ. ಮೊಮ್ಮಗಳ ಮೂಗು ಯಾರ ಹಾಗಿದೆ, ಕಿವಿ ಯಾರ ಹಾಗಿದೆ ಎಂದು ಎಲ್ಲರಿಗೂ ವರ್ಣಿಸಿ, ಬೆರಳು ಮಡಚಿ ಲೆಕ್ಕ ಹಾಕಿ, ಬ್ಯಾರನ್ನಿನ ಬಾಗಿಲಿಗೆ ಹೋಗಿ ಗಂಭೀರವಾಗಿ ಒಂದು ಉಸಿರು ಎಳೆದರು.

"ವಾಸ್ನೆ ಬಂದದೆ. ದಿನಾನೂ ತುಂಬದೆ. ನಾಳೆ ಇಂಡೋಣ. ಎಲ್ರೂ ಒತ್ತಾರೆನೇ ಬಂದ್ಬುಡ್ರವ್ವ."

ಬೃಂದಾಳೂ ಲೆಕ್ಕ ಹಾಕಿದಳು. ಗುಡಾಣ ಎದ್ದು ಎರಡೇ ದಿನ. ವಾಸನೆಯಲ್ಲಿ ಇನ್ನೂ ಹಸಿ ಹಸಿ ಸಿಹಿ. ನಾಳೆ ಹಿಂಡಿದರೆ ಅದು ವೈನಲ್ಲ, ಕೆಟ್ಟ ಪಾನಕ. ಅತ್ತೆಯ ಮೂಗಿಗೆ ಇದು ಗೊತ್ತಾಗಲಿಲ್ಲವೇ? ಅವಳು ಮಾವನ ಕಡೆ ನೋಡಿದಳು. ದೇವರಾಜು ಆಕಾಶದ ಕಡೆ ನೋಡುತ್ತಿದ್ದರು. ಗಂಡನ ಕಡೆ ನೋಡಿದಳು. ಯತೀಶ ಚಪ್ಪಲಿಯಲ್ಲಿ ಏನೋ ಹುಡುಕುತ್ತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವರ್ಷ ಗುಡಾಣ ಸಿಗುತ್ತದೆ, ಈ ವರ್ಷದ್ದು ಹೋಗುತ್ತದೆ. ಬಾಯಿಬಿಟ್ಟರೆ ಇದು ಉಳಿಯುತ್ತದೆ, ತನ್ನ ಕೈಗೆ ಇನ್ನೊಂದು ಬರುವುದಿಲ್ಲ. ಒಳಗೆ ಪಟಪಟ ಎನ್ನುತ್ತಿದ್ದ ಆ ಜೀವವನ್ನು ಬಿಟ್ಟುಕೊಡಲು ಅವಳಿಂದ ಆಗಲಿಲ್ಲ.

"ನಾಳೆ ಬ್ಯಾಡಿ ಅತ್ತೆ."

ಅಂಗಳದಲ್ಲಿ ಪುಟ್ಟಮಲ್ಲಮ್ಮ ಚೊಂಬನ್ನು ಗಾಳಿಯಲ್ಲೇ ಹಿಡಿದು ನಿಂತಳು.

"ಏನಂದೆ?" ಭಾಗ್ಯಮ್ಮ ತಿರುಗಿದರು. "ನನ್ ಮೂಗಿಗಿಂತ ನಿನ್ ಮೂಗು ದೊಡ್ಡದಾಯ್ತಾ?"

ಬೃಂದಾ ಅತ್ತೆಯ ಕೈ ಹಿಡಿದು ಬ್ಯಾರನ್ನಿನ ಒಳಗೆ ಕರೆದುಕೊಂಡು ಹೋದಳು. ಗುಡಾಣದ ಮುಂದೆ ನಿಂತು ಒಂದನ್ನೂ ಬಿಡದೆ ಹೇಳಿದಳು. ಉಪ್ಪು, ಅರಿಸಿನ, ಮೂರು ನೀರು, ಹಕ್ಕಿ ಸಾಲು, ಪರಂಗಿ ಹಣ್ಣು, ಕಂಬಳಿ. "ತಪ್ಪು ನಂದೇ ಅತ್ತೆ. ಇನ್ಮೇಲೆ ನನ್ನ ಸೇರಿಸ್ದಿದ್ರೂ ಪರವಾಗಿಲ್ಲ. ಆದ್ರೆ ಇದಕ್ಕಿನ್ನೂ ದಿನ ಬೇಕು. ನೀವೇ ಬಗ್ಗಿ ನೋಡಿ, ಎಷ್ಟು ಹಸಿ ವಾಸ್ನೆ."

ಭಾಗ್ಯಮ್ಮ ಬಗ್ಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಬಗ್ಗಿ ಏನ್ ನೋಡ್ಲಿ? ಆಸ್ಪತ್ರೆಲಿ ನೆಗಡಿ ಅಂಟ್ಕೊಂಡದೆ ಕಣವ್ವ. ಮೂರ್ ದಿನದಿಂದ ನಂಗೆ ಮೂಗೇ ಇಲ್ಲ. ಮಗೀನ್ ತಲೆ ವಾಸ್ನೆನೂ ಗೊತ್ತಾಗ್ಲಿಲ್ಲ."

"ಮತ್ತೆ ವಾಸ್ನೆ ಬಂದದೆ ಅಂದ್ರಿ?"

"ಅನ್ನದೆ? ಇಷ್ಟು ವರ್ಸ ಅಂದಿರೋಳು ಇವತ್ತು ಎಲ್ರು ಮುಂದೆ ಏನ್ ಅನ್ಲಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಗು ಬಂದದ್ದು ಭಾಗ್ಯಮ್ಮನಿಗೆ. ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ನಕ್ಕರು, "ಅರಿಸಿನ! ದ್ರಾಕ್ಷಿಗೆ ಅರಿಸಿನ!" ಎಂದು ಮತ್ತೆ ನಕ್ಕರು, ಕೆಮ್ಮಿದರು. ಹೊರಗೆ ನಿಂತಿದ್ದ ಗಂಡಸರಿಬ್ಬರಿಗೂ ಒಳಗೆ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ.

ನಗು ಇಳಿದ ಮೇಲೆ ಭಾಗ್ಯಮ್ಮ ಪಕ್ಕಕ್ಕೆ ಸರಿದು ಗುಡಾಣದ ಮುಂದಿನ ಜಾಗ ಬಿಟ್ಟುಕೊಟ್ಟರು.

"ನೋಡು. ನೋಡಿ ಯಾವತ್ತು ಇಂಡೋದು ಅಂತ ಏಳು."

ಬೃಂದಾ ಬಟ್ಟೆ ಸರಿಸಿ, ಬಗ್ಗಿ, ಕಣ್ಣು ಮುಚ್ಚಿ ಉಸಿರು ಎಳೆದಳು. ಅವಸರ ಮಾಡಲಿಲ್ಲ. ಇನ್ನೊಮ್ಮೆ ಎಳೆದಳು. "ಗೊತ್ತಿಲ್ಲ ಅತ್ತೆ. ನಾಳೆ ಅಲ್ಲ, ನಾಡಿದ್ದೂ ಅಲ್ಲ. ಆದಾಗ ಹೇಳ್ತೀನಿ."

ಭಾಗ್ಯಮ್ಮ ತಲೆಯಾಡಿಸಿದರು. ಬ್ಯಾರನ್ನಿನ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಕಟ್ಟಿದ ಮೂಗಿನಲ್ಲೇ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು:

"ನಾಳೆ ಯಾರೂ ಬರ್ಬ್ಯಾಡ್ರವ್ವ. ಬ್ರುಂದಾ ಏಳ್ದಾಗ ಬನ್ನಿ."